ಕಪ್ಪುಹಲಗೆಗೆ ಹೋಗುವ ಮೊದಲು

ಹಾಸನ

ಪ್ರಿಯ ಗೆಳೆಯ,

ನೀನು ಮೂಡಿಗೆರೆ ಕಡೆಯ ಶಾಲೆಗೆ ವರ್ಗವಾಗಿರುವುದನ್ನೂ, ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳಿಗೆ ಕನ್ನಡದ ಜೊತೆಗೆ ಇಂಗ್ಲಿಷ್ ಬರವಣಿಗೆಯನ್ನೂ ಕಲಿಸುವ ಹೊಣೆ ನಿನ್ನ ಪಾಲಿಗೆ ಬಂದಿರುವುದನ್ನೂ ತಿಳಿಸಿ, ನಾನು ಈಚೆಗೆ ಕಲಿತ ಇಟಾಲಿಕ್ ಎಂಬ ಇಂಗ್ಲಿಷ್ ಕೈಬರಹದ ಶೈಲಿ ಈ ವಯಸ್ಸಿನಲ್ಲಿ ನಿನಗೂ ಒಲಿಯಬಹುದೇ ಎಂದು ಕೇಳಿದ್ದೆ. ಒಲಿಯುತ್ತದೆ. ಆದರೆ ಮಕ್ಕಳ ಎದುರು ನಿಲ್ಲುವ ಮೊದಲೇ ಅದು ನಿನ್ನ ಕೈಯಲ್ಲಿ ಕೂತಿರಬೇಕು. ಪುಸ್ತಕ ನೋಡಿಕೊಂಡು ಹಲಗೆಯ ಮೇಲೆ ಬರೆಯುವ ಮೇಷ್ಟ್ರ ಕೈ ತಡವರಿಸಿದರೆ ಮಕ್ಕಳು ಅಕ್ಷರದ ಜೊತೆಗೆ ಆ ತಡವರಿಕೆಯನ್ನೂ ಕಲಿತುಬಿಡುತ್ತಾರೆ.

ನಾವಿಬ್ಬರೂ ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ತಿದ್ದಿದ್ದು ಅಕ್ಷರಗಳನ್ನು ಒಂದಕ್ಕೊಂದು ಕೂಡಿಸಿ ಬರೆಯುವ, ಸುತ್ತುಗಳಿರುವ ಕರ್ಸಿವ್. ಅದರ ಮೂಲ ತಾಮ್ರದ ತಗಡಿನ ಕೆತ್ತನೆಯಲ್ಲಿ ಮತ್ತು ಚೂಪು ಮೊನೆಯ ನಿಬ್ಬಿನಲ್ಲಿದೆ. ಕೆಳಗೆಳೆಯುವಾಗ ಒತ್ತಿದರೆ ಗೆರೆ ದಪ್ಪವಾಗುತ್ತಿತ್ತು, ಮೇಲೇರುವಾಗ ಹಗುರಾಗಿ ಬಿಟ್ಟರೆ ಕೂದಲೆಳೆಯಷ್ಟು ತೆಳುವಾಗುತ್ತಿತ್ತು. ಆ ಬರಹದ ಚೆಲುವೆಲ್ಲ ಇದ್ದದ್ದು ಈ ಏರಿಳಿತದಲ್ಲಿಯೇ. ಬಾಲ್ ಪೆನ್ನಿಗೆ ಒತ್ತಿದರೂ ಒಂದೇ, ಬಿಟ್ಟರೂ ಒಂದೇ. ಚೆಲುವು ಹೋಗಿ ಸುತ್ತು ಮಾತ್ರ ಉಳಿಯಿತು. ಇಟಾಲಿಕ್ ಅದಕ್ಕಿಂತ ಹಳೆಯದು, ಹದಿನೈದನೆಯ ಶತಮಾನದ ಇಟಲಿಯಲ್ಲಿ ರೂಪುಗೊಂಡದ್ದು. ಪೋಪರ ಕಚೇರಿಯಲ್ಲಿ ಲಿಪಿಕಾರನಾಗಿದ್ದ ಲುಡೊವಿಕೊ ಅರ್ರಿಗಿ ಎಂಬಾತ 1522ರ ಸುಮಾರಿಗೆ ರೋಮಿನಲ್ಲಿ ಇದನ್ನು ಕಲಿಸುವ ಪುಟ್ಟ ಕೈಪಿಡಿಯೊಂದನ್ನು ಅಚ್ಚು ಹಾಕಿಸಿದ. ಕಚೇರಿಯ ಬರಹ ಬೇಗ ಸಾಗಬೇಕು, ಓದುವವನಿಗೆ ತೊಡಕಾಗಲೂಬಾರದು. ಈ ಎರಡೂ ಅಗತ್ಯಗಳು ಅದರ ಮೈಯಲ್ಲಿವೆ. ಇಂಗ್ಲೆಂಡಿನ ಆಲ್ಫ್ರೆಡ್ ಫೇರ್‌ಬ್ಯಾಂಕ್ 1932ರಲ್ಲಿ ಇದರ ಬಗ್ಗೆ ಕೈಪಿಡಿ ಬರೆದ ಮೇಲೆ ಅದು ಶಾಲೆಗಳ ಕಡೆಗೂ ಬಂತು.

ನಾನು ಇದರತ್ತ ಹೊರಳಿದ್ದಕ್ಕೆ ಕಾರಣ ಇತಿಹಾಸವಲ್ಲ, ನನ್ನ ತರಗತಿಯ ಒಬ್ಬ ಹುಡುಗಿ. ಪಠ್ಯಪುಸ್ತಕದ ‘ಸನ್’ ಎಂಬ ಪದವನ್ನು ಸಲೀಸಾಗಿ ಓದಿದವಳು, ನಾನು ಅದನ್ನೇ ಹಲಗೆಯ ಮೇಲೆ ಕರ್ಸಿವ್‌ನಲ್ಲಿ ಬರೆದಾಗ ಮೊದಲ ಅಕ್ಷರದಲ್ಲಿಯೇ ನಿಂತುಬಿಟ್ಟಳು. ಎಸ್, ಆರ್, ಎಫ್, ಜಡ್ ಈ ನಾಲ್ಕೂ ಕರ್ಸಿವ್‌ಗೆ ಬಂದ ಕೂಡಲೇ ಅಚ್ಚಿನ ರೂಪವನ್ನು ಬಿಟ್ಟು ಬೇರೆಯೇ ಆಗುತ್ತವೆ. ಇಟಾಲಿಕ್‌ನಲ್ಲಿ ಬಿಡಿ ಅಕ್ಷರಕ್ಕೂ ಕೂಡಿಸಿದ ಅಕ್ಷರಕ್ಕೂ ರೂಪ ಹೆಚ್ಚುಕಡಿಮೆ ಒಂದೇ. ಮೊದಲು ಬಿಡಿಯಾಗಿ ಕಲಿತದ್ದಕ್ಕೆ ಆಮೇಲೆ ಒಂದು ಸಣ್ಣ ಬಾಲ ಸೇರಿದರೆ ಸಾಕು. ಕಾಫಿ ತೋಟದ ಕೆಲಸಕ್ಕೆ ಬೇರೆ ಊರುಗಳಿಂದ ಬಂದವರ ಮಕ್ಕಳು ನಿನ್ನ ತರಗತಿಯಲ್ಲಿಯೂ ಇರುತ್ತಾರೆ. ವರ್ಷದ ನಡುವೆ ಸೇರಿ ವರ್ಷದ ನಡುವೆಯೇ ಹೊರಡುವ ಆ ಮಕ್ಕಳ ಮೇಲೆ ಇಂಗ್ಲಿಷಿನ ಎರಡೆರಡು ಅಕ್ಷರಮಾಲೆಗಳನ್ನು ಹೊರಿಸುವುದು ನ್ಯಾಯವಲ್ಲವೆಂದು ನನ್ನ ಎಣಿಕೆ.

ಇನ್ನು ಕಲಿಕೆಯ ವಿಷಯ. ನನಗೆ ಅತ್ಯಂತ ಕಷ್ಟವಾದದ್ದು ಹೊಸದನ್ನು ಕಲಿಯುವುದಲ್ಲ, ಹಳೆಯದನ್ನು ಬಿಡುವುದು. ಕರ್ಸಿವ್‌ನಲ್ಲಿ ಪ್ರತಿಯೊಂದು ಅಕ್ಷರಕ್ಕೂ ಕೆಳಗಿನ ಗೆರೆಯಿಂದ ಒಂದು ಎಳೆ ಹತ್ತಿಸಿಯೇ ಶುರು ಮಾಡುವುದು ನಮ್ಮ ಬೆರಳಿಗೆ ಅಂಟಿದ ಚಾಳಿ. ಇಲ್ಲಿ ಆ ಎಳೆ ಬೇಡವೇ ಬೇಡ. ಸಣ್ಣ ಎನ್ ಅಕ್ಷರವನ್ನು ನೋಡು. ಮೇಲಿನಿಂದ ನೇರವಾಗಿ ಕೆಳಗಿಳಿದು, ಪೆನ್ನು ಎತ್ತದೆ ಅದೇ ಗೆರೆಯ ಮೇಲೆ ಸುಮಾರು ಅರ್ಧದವರೆಗೆ ಹಿಂದಕ್ಕೆ ಹತ್ತಿ, ಕಾಂಡದಿಂದ ಕೊಂಬೆ ಒಡೆಯುವ ಹಾಗೆ ಅಲ್ಲಿಂದ ಬಲಕ್ಕೆ ಹೊರಳಿ, ಮತ್ತೆ ಕೆಳಗಿಳಿಯಬೇಕು. ಹೊರಳುವ ಜಾಗ ತೀರ ಮೇಲಾದರೆ ಅಕ್ಷರ ಬಿಗಿಯುತ್ತದೆ, ತೀರ ಕೆಳಗಾದರೆ ಅದರ ರೂಪವೇ ಕೆಡುತ್ತದೆ. ಈ ಒಂದು ಹೊರಳು ಕೈಗೆ ಬಂದರೆ ಎಂ, ಹೆಚ್, ಬಿ, ಪಿ, ಆರ್ ಎಲ್ಲವೂ ಅದರ ಹಿಂದೆಯೇ ಬರುತ್ತವೆ. ಹಾಗೆಯೇ ಸಣ್ಣ ಎ ಬಂದರೆ ಡಿ, ಜಿ, ಕ್ಯೂ ಬಂದಂತೆಯೇ. ಬಿ ಮತ್ತು ಡಿ ಅಕ್ಷರಗಳನ್ನು ಮಕ್ಕಳು ಅದಲುಬದಲು ಮಾಡುವುದು ನಿನಗೆ ಗೊತ್ತೇ ಇದೆ. ಇಲ್ಲಿ ಒಂದು ಕೆಳಗೆಳೆದ ಗೆರೆಯಿಂದ ಹುಟ್ಟುತ್ತದೆ, ಇನ್ನೊಂದು ಎ ಅಕ್ಷರದ ಹೊಟ್ಟೆಯಿಂದ. ಕೈಯ ನಡೆಯೇ ಬೇರೆಯಾದ್ದರಿಂದ, ಕಣ್ಣು ತಪ್ಪಿದರೂ ಕೈ ಸರಿಯಾದ ದಾರಿ ಹಿಡಿಯುವ ಸಂಭವ ಹೆಚ್ಚು.

ಆದುದರಿಂದ ಎ, ಬಿ, ಸಿ ಎಂಬ ಸಾಲಿನಲ್ಲಿ ಕಲಿಯಬೇಡ, ಕಲಿಸಲೂ ಬೇಡ. ಚಟುವಟಿಕೆಗಳ ಮೂಲಕ ಕಲಿಸುವ ನಮ್ಮ ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿಯಲ್ಲಿ ನಾವು ಅ, ಆ, ಇ, ಈ ಎಂದು ಹೊರಡದೆ ರ, ಗ, ಸ, ದ, ಅ ಎಂದು ಆರಂಭಿಸಿ, ಅಷ್ಟರಲ್ಲಿಯೇ ಸರ, ಅರಸ, ಗರಗಸ ಎಂದು ಮಕ್ಕಳಿಂದ ಓದಿಸುತ್ತೇವೆ. ಇಂಗ್ಲಿಷಿಗೆ ಬಂದಾಗ ಮಾತ್ರ ಆ ಬುದ್ಧಿಯನ್ನು ಏಕೆ ಮರೆಯುತ್ತೇವೆಯೋ ನಾನು ಕಾಣೆ.

ಅಭ್ಯಾಸವನ್ನು ಬೇಸಿಗೆ ರಜೆಯಲ್ಲಿ ಇಟ್ಟುಕೋ. ಮೊದಮೊದಲು ಹಳೆಯ ಕೈಯೂ ಹೊಸ ಕೈಯೂ ಬೆರೆತು, ಬರೆದದ್ದನ್ನು ನೋಡಿದರೆ ನಿನಗೇ ಬೇಸರ ಬರುತ್ತದೆ, ವೇಗವಂತೂ ಇಳಿದೇ ಇಳಿಯುತ್ತದೆ. ಒಂದೇ ಅಕ್ಷರವನ್ನು ಪುಟಗಟ್ಟಲೆ ತಿದ್ದುವುದಕ್ಕಿಂತ, ಒಂದು ಗುಂಪು ಕೈಗೆ ಬಂದ ಕೂಡಲೇ ನಿನ್ನ ನಿತ್ಯದ ಇಂಗ್ಲಿಷ್ ಬರಹದಲ್ಲಿ ಆ ಗುಂಪನ್ನಷ್ಟೇ ಬದಲಿಸುತ್ತ ಹೋಗುವುದು ಲೇಸು. ಪದ ಮುಗಿಯುವವರೆಗೆ ಪೆನ್ನು ಎತ್ತಬಾರದೆಂದು ನಮಗೆ ಹೇಳಿಕೊಟ್ಟಿದ್ದರಲ್ಲ, ಆ ಕಟ್ಟಳೆ ಇಲ್ಲಿಲ್ಲ; ಜಿ, ಜೆ, ವೈಗಳ ಬಾಲವನ್ನು ಮುಂದಿನ ಅಕ್ಷರಕ್ಕೆ ಕಟ್ಟದೆ ಪೆನ್ನು ಎತ್ತಿದರಾಯಿತು. ಅಕ್ಷರಕ್ಕೊಮ್ಮೆ ಕೈ ಎತ್ತಿ ಕನ್ನಡ ಬರೆಯುವ ನಮಗೆ ಅದೇನೂ ಹೊಸದಲ್ಲ. ಸಹಿಯನ್ನು ಮಾತ್ರ ಹಳೆಯ ಶೈಲಿಯಲ್ಲಿಯೇ ಉಳಿಸಿಕೋ, ಬ್ಯಾಂಕಿನವರಿಗೆ ಇಟಾಲಿಕ್‌ನ ಸೊಗಸು ತಿಳಿಯದು.

ಕೈ ನೋಯುತ್ತದೆ. ನನ್ನ ತೋರುಬೆರಳಿನ ತುದಿ ಬೆಳ್ಳಗಾಗುವಷ್ಟು ಪೆನ್ಸಿಲನ್ನು ಒತ್ತಿ ಹಿಡಿಯುತ್ತಿದ್ದೇನೆಂಬುದು ಆ ನೋವಿನಿಂದಲೇ ಗಮನಕ್ಕೆ ಬಂತು. ಶಾಲೆ ತೆರೆದ ಮೇಲೆ ಮಕ್ಕಳು ಬರೆಯುವಾಗ ನಾನು ಮೊದಲು ನೋಡಿದ್ದು ಅವರ ಪುಸ್ತಕವನ್ನಲ್ಲ, ಬೆರಳಿನ ತುದಿಗಳನ್ನು. ಅಕ್ಷರ ಚೆನ್ನಾಗಿಲ್ಲವೆಂದು ನಾವು ಗದರಿಸುವ ಎಷ್ಟೋ ಮಕ್ಕಳು ಇದೇ ರೀತಿ ಒತ್ತಿ ಹಿಡಿದಿರುತ್ತಾರೆ. ನಾನು ಕೆಂಪು ಶಾಯಿಯಲ್ಲಿ ತಿದ್ದುವುದನ್ನು ಕಡಿಮೆ ಮಾಡಿ, ಪಕ್ಕದಲ್ಲಿ ಕೂತು ಹಿಡಿತ ಸಡಿಲಿಸಲು ಹೇಳುವುದನ್ನು ಹೆಚ್ಚು ಮಾಡಿದ್ದೇನೆ. ಎಡಗೈ ಮಕ್ಕಳನ್ನು ಬೆಂಚಿನ ಎಡ ತುದಿಯಲ್ಲಿ ಕೂರಿಸು, ಇಲ್ಲವಾದರೆ ಪಕ್ಕದವರ ಮೊಣಕೈ ತಾಗುತ್ತದೆ. ಪುಸ್ತಕವನ್ನು ನಾವು ಎಡಕ್ಕೆ ಓರೆ ಮಾಡುವಂತೆ ಅವರು ಬಲಕ್ಕೆ ಓರೆ ಮಾಡಲಿ, ಪೆನ್ಸಿಲನ್ನು ಮೊನೆಯಿಂದ ತುಸು ಹಿಂದಕ್ಕೆ ಹಿಡಿಯಲಿ. ಆಗ ಬರೆದದ್ದು ಅವರಿಗೂ ಕಾಣುತ್ತದೆ.

ಹಲಗೆಯ ಬರಹ ಬೇರೆಯೇ ವಿದ್ಯೆ. ಕಾಗದದ ಮೇಲೆ ಬೆರಳು ಮಾಡಿದ ಕೆಲಸವನ್ನು ಅಲ್ಲಿ ಭುಜ ಮಾಡಬೇಕು. ಶಾಲೆ ಬಿಟ್ಟ ಮೇಲೆ ಖಾಲಿ ಕೊಠಡಿಯಲ್ಲಿ ಸೀಮೆಸುಣ್ಣ ಹಿಡಿದು ದೊಡ್ಡದಾಗಿ ಬರೆದು ರೂಢಿ ಮಾಡಿಕೋ, ಬರೆಯುವಾಗ ಒಂದು ಪಕ್ಕಕ್ಕೆ ಸರಿದು ನಿಲ್ಲು. ಬೆನ್ನು ತಿರುಗಿಸಿ ಬರೆದರೆ ಮಕ್ಕಳಿಗೆ ಕಾಣುವುದು ಮುಗಿದ ಅಕ್ಷರ ಮಾತ್ರ. ಅದು ಎಲ್ಲಿಂದ ಹೊರಟು ಯಾವ ಕಡೆಗೆ ತಿರುಗಿತೆಂಬುದು ಕಾಣುವುದಿಲ್ಲ, ಮತ್ತು ಅವರು ಕಲಿಯಬೇಕಾದದ್ದು ಅದನ್ನೇ.

ಅಕ್ಷರ ಕೆಡಿಸುತ್ತಿದ್ದೀರಿ ಎಂದು ಹಿರಿಯರು ಯಾರಾದರೂ ಆಕ್ಷೇಪಿಸಿದರೆ ವಾದಕ್ಕೆ ಇಳಿಯಬೇಡ. ಅಕ್ಷರದ ರೂಪ ಕಾಲದಿಂದ ಕಾಲಕ್ಕೆ ಬದಲಾಗುತ್ತಲೇ ಬಂದಿದೆ. ಕ್ರಿ.ಶ. 450ರ ಸುಮಾರಿನದೆನ್ನುವ ಹಲ್ಮಿಡಿ ಶಾಸನ ನಮ್ಮ ಬೇಲೂರು ತಾಲ್ಲೂಕಿನದೇ. ಅದರಲ್ಲಿರುವುದು ಕನ್ನಡವೇ ಆದರೂ ಇಂದಿನ ಅಕ್ಷರವಷ್ಟೇ ಬಲ್ಲವನು ಅದನ್ನು ಓದಲಾರ. ಆದರೆ ನಾಲ್ಕು, ಐದನೆಯ ತರಗತಿಗೆ ಬಂದು ಕರ್ಸಿವ್‌ನಲ್ಲಿ ಕೈ ಕುದುರಿರುವ ಮಕ್ಕಳನ್ನು ಮಾತ್ರ ಬದಲಿಸಲು ಹೋಗಬೇಡ. ಓದಲು ಬರುವಂತಿದ್ದು ವೇಗವೂ ಇದ್ದರೆ ಅವರ ಬರಹ ಅವರಿಗಿರಲಿ.

ಎ ಮತ್ತು ಎನ್ ಗುಂಪುಗಳನ್ನು ಬಾಣದ ಗುರುತು ಹಾಕಿ ಬರೆದ ಎರಡು ಹಾಳೆಗಳನ್ನು ಇದರ ಜೊತೆಗಿಟ್ಟಿದ್ದೇನೆ. ನೀನು ತಿದ್ದಿದ ಒಂದು ಪುಟವನ್ನು, ಚೆನ್ನಾಗಿ ಬಂದದ್ದನ್ನೇ ಆರಿಸದೆ, ಇದ್ದ ಹಾಗೆಯೇ ಕಳುಹಿಸು. ಕೂಡಿಸುವ ಪಾಠಕ್ಕೆ ಅದನ್ನು ನೋಡಿದ ಮೇಲೆ ಹೋಗೋಣ.

ಇಂತಿ ನಿನ್ನ ಗೆಳೆಯ