ಚಪಡನ ಸಹಿ

ಚಿತ್ರದುರ್ಗ
ಭಾನುವಾರ ಸಂಜೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಹೋದ ವಾರ ಫೋನಿನಲ್ಲಿ "ತಲೆ ಮಂಕಾಗಿದೆ ದೊಡ್ಡಪ್ಪ, ಎರಡು ಪುಟ ಓದೋಷ್ಟರಲ್ಲಿ ಕೈ ಮೊಬೈಲ್‌ಗೆ ಹೋಗುತ್ತೆ" ಅಂದೆ. ನಾನು "ಬೆಳಿಗ್ಗೆ ಬೇಗ ಏಳಮ್ಮ" ಅಂತ ಹೇಳಿ ಮುಗಿಸಿಬಿಟ್ಟೆ. ಆಮೇಲೆ ನನಗೇ ಸರಿ ಅನಿಸಲಿಲ್ಲ. ಬೇಗ ಎದ್ದರೆ ಬುದ್ಧಿ ಬರುವುದಾದರೆ ಹುಂಜಕ್ಕಿಂತ ದೊಡ್ಡ ಪಂಡಿತ ಯಾರಿದ್ದಾರೆ? ಅದಕ್ಕೇ ಈ ಪತ್ರ.

ನಾನು ಶೇಂಗಾ ಮಂಡಿಯಲ್ಲಿ ಗುಮಾಸ್ತನಾಗಿದ್ದೆ ಅಲ್ವಾ. ಕಾಲು, ಅರ್ಧ, ಮುಕ್ಕಾಲು ಮಗ್ಗಿ ಎಲ್ಲ ಬಾಯಲ್ಲೇ ಇತ್ತು. ಕ್ವಿಂಟಾಲ್‌ಗೆ 6,400 ಅಂದರೆ 75 ಕಿಲೋಗೆ 4,800 ಅಂತ ತಕ್ಕಡಿ ನಿಲ್ಲುವ ಮೊದಲೇ ಹೇಳುತ್ತಿದ್ದೆ. ಕೆಲಸ ಬಿಟ್ಟ ಮೇಲೆ ಆರು ತಿಂಗಳು ಟಿವಿ ಮುಂದೆ ಕೂತೆ. ಒಂದು ದಿನ ಕಿರಾಣಿ ಅಂಗಡಿಯಲ್ಲಿ ಮುಕ್ಕಾಲು ಕಿಲೋ ಬೇಳೆಗೆ ಎಷ್ಟಾಗುತ್ತದೆ ಅಂತ ತೋಚಲೇ ಇಲ್ಲ. ಹುಡುಗ ಕ್ಯಾಲ್ಕುಲೇಟರ್ ಒತ್ತುತ್ತಿದ್ದ, ನಾನು ಅವನ ಬೆರಳು ನೋಡುತ್ತ ನಿಂತಿದ್ದೆ. ಅವತ್ತು ಹೆದರಿಕೆ ಆಯಿತು. ಮನೆಯಲ್ಲಿ ವಯಸ್ಸಾಯಿತು ಅಂದರು. ನನಗೆ ಹಾಗನಿಸಲಿಲ್ಲ. ಆರು ತಿಂಗಳಿಂದ ತಲೆಗೆ ಒಂದು ಕೆಲಸವನ್ನೂ ಕೊಟ್ಟಿರಲಿಲ್ಲ.

ಅದೇ ವರ್ಷ ಒಂದು ಮದುವೆಗೆ ಮೊಳಕಾಲ್ಮೂರಿಗೆ ಹೋಗಿದ್ದೆ. ಊಟ ಆದ ಮೇಲೆ ಹೊತ್ತು ಹೋಗದೆ ಬ್ರಹ್ಮಗಿರಿಗೆ ಹೋದೆ, ಅಶೋಕನ ಶಾಸನ ನೋಡೋಣ ಅಂತ. 1892ರಲ್ಲಿ ಶಾಸನ ಹುಡುಕುತ್ತಿದ್ದ ವಿದ್ವಾಂಸ ಬಿ. ಎಲ್. ರೈಸ್ ಅದನ್ನು ಪತ್ತೆ ಮಾಡಿದ್ದು. ತಾಯಿ ತಂದೆಯ ಮಾತು ಕೇಳಿ, ನಿಜ ಹೇಳಿ ಅಂತ ಅದರಲ್ಲಿದೆ. ಅದೆಲ್ಲ ಸರಿ. ನನ್ನನ್ನು ಹಿಡಿದಿದ್ದು ಕೊನೆಯ ಸಾಲು. ಅಲ್ಲಿ ಬರೆದವನ ಹೆಸರಿದೆ, ಚಪಡ. ಇಡೀ ಶಾಸನ ಬ್ರಾಹ್ಮಿ ಲಿಪಿಯಲ್ಲಿದೆ. ತಾನು ಲಿಪಿಕಾರ ಅನ್ನುವ ಒಂದು ಮಾತನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ದೂರದ ವಾಯವ್ಯದಲ್ಲಿದ್ದ ಗಾಂಧಾರದ ಕಡೆಯ ಲಿಪಿ, ಬಲದಿಂದ ಎಡಕ್ಕೆ ಬರೆಯುವುದು. ನಮ್ಮ ಮೊಳಕಾಲ್ಮೂರಿನಲ್ಲಿ ಅದನ್ನು ಯಾರು ಓದಬೇಕಿತ್ತು ಹೇಳು? ಯಾರೂ ಇಲ್ಲ. ಸುಮ್ನೆ ಜಂಭ! ಎರಡು ಸಾವಿರ ವರ್ಷಕ್ಕಿಂತ ಹಿಂದಿನ ಒಬ್ಬ ಗುಮಾಸ್ತನ ಜಂಭ. ನನಗೆ ಅವನು ನಮ್ಮವನೇ ಅನಿಸಿಬಿಟ್ಟ.

ಮನೆಗೆ ಬಂದು ಬ್ರಾಹ್ಮಿ ಕಲಿಯಲು ಕೂತೆ. ಕ ಅಂದರೆ ಕೂಡಿಸುವ ಚಿಹ್ನೆ ಥರ ಎರಡು ಗೀಟು. ಠ ಅಂದರೆ ಬರೀ ಒಂದು ಸೊನ್ನೆ. ನಮ್ಮ ಠ ಇವತ್ತಿಗೂ ಗುಂಡಗೇ ಇದೆ, ನೋಡು. ದಿನಕ್ಕೆ ಎರಡು ಅಕ್ಷರ, ಹಳೇ ಲೆಕ್ಕದ ಪುಸ್ತಕದ ಖಾಲಿ ಹಾಳೆಯಲ್ಲಿ ಬರೆಯುತ್ತಿದ್ದೆ. ಪಟ್ಟಿ ನೋಡುವ ಮೊದಲು ಇದು ಯಾವ ಅಕ್ಷರ ಇರಬಹುದು ಅಂತ ಊಹೆ ಮಾಡುತ್ತಿದ್ದೆ. ಹತ್ತರಲ್ಲಿ ಏಳು ತಪ್ಪು. ಆದರೆ ತಪ್ಪಾದ ಆ ಏಳು ಇನ್ನೂ ನೆನಪಿವೆ.

ಸ್ವಲ್ಪ ಬಂದ ಮೇಲೆ ಬಾಯಿಯೂ ಜಾಸ್ತಿ ಆಯಿತು. ಚಂದ್ರವಳ್ಳಿಯ ಮಯೂರಶರ್ಮನ ಶಾಸನ ಹಳೆಗನ್ನಡದ್ದು ಅಂತ ವಾಕಿಂಗ್ ಬರುವವರಿಗೆಲ್ಲ ಹೇಳಿಬಿಟ್ಟಿದ್ದೆ. ಒಂದು ದಿನ ಯಾವುದೋ ಕಾಲೇಜು ಹುಡುಗಿ, "ಅಜ್ಜಾ, ಅದು ಪ್ರಾಕೃತ" ಅಂದಳು. ಅವಳು ಹೇಳಿದ್ದೇ ಸರಿ. ಒಪ್ಪಿಕೊಳ್ಳಲು ನನಗೆ ಎರಡು ದಿನ ಹಿಡಿಯಿತು. ಮೂರನೇ ದಿನ ವಾಕಿಂಗಿನಲ್ಲಿ ಎಲ್ಲರನ್ನೂ ನಿಲ್ಲಿಸಿ ತಿದ್ದಿದೆ. ಅವರು ನಕ್ಕರು, ನಕ್ಕರೆ ನಗಲಿ.

ನೀನೂ ಬ್ರಾಹ್ಮಿ ಕಲಿ ಅನ್ನುತ್ತಿಲ್ಲ. ಮೊಬೈಲ್ ಬಿಸಾಕು ಅಂತಲೂ ಅಲ್ಲ, ನಾನೇ ಬಿಸಾಕಿಲ್ಲ. ಚಿಕ್ಕವಳಿದ್ದಾಗ ನೀನು ಬೆಣ್ಣೆ ದೋಸೆ ಹಿಟ್ಟಿಗೆ ಮಂಡಕ್ಕಿ ಯಾಕೆ ಹಾಕುತ್ತಾರೆ ಅಂತ ಕೇಳಿ ಕೇಳಿ ನಿಮ್ಮಮ್ಮನ ತಲೆ ತಿಂದಿದ್ದೆ. ಯಾರೂ ಉತ್ತರ ಕೊಡಲಿಲ್ಲ, ನೀನೂ ಬಿಟ್ಟೆ. ಅದನ್ನೇ ಮತ್ತೆ ಹಿಡಿ. ಗೂಗಲ್‌ನಲ್ಲಿ ಹತ್ತು ಸೆಕೆಂಡಿಗೆ ಸಿಗುತ್ತದೆ, ಗೊತ್ತು. ಮೊದಲೇ ನೋಡಬೇಡ. ಎರಡು ದಿನ ನೀನೇ ಯೋಚಿಸು. ಅನಿಸಿದ್ದನ್ನು ಚೀಟಿಯಲ್ಲಿ ಬರೆದಿಡು. ಮಂಡಕ್ಕಿ ಹಾಕಿದ್ದು, ಹಾಕದ್ದು, ಎರಡು ಹಿಟ್ಟು ರುಬ್ಬಿ ಹೊಯ್ದು ನೋಡು. ನಿಮ್ಮೂರಿನ ಮಂಡಕ್ಕಿ ಭಟ್ಟಿಗೂ ಒಮ್ಮೆ ಹೋಗಿ ಬಾ. ಕಾದ ಮರಳಿನಲ್ಲಿ ಅಕ್ಕಿ ಹೇಗೆ ಅರಳುತ್ತದೆ ಅಂತ ನಿಂತು ನೋಡು, ಹುರಿಯುವವರನ್ನು ಕೇಳು. ಆಮೇಲೆ ಬೇಕಾದರೆ ಮೊಬೈಲ್ ತೆಗೆ.

ರಾತ್ರಿ ನಿದ್ದೆ ಮಾತ್ರ ಕೆಡಿಸಿಕೊಳ್ಳಬೇಡ.

ಎರಡನೇ ಶನಿವಾರ ರಜೆ ಇದ್ದರೆ ಬಂದುಬಿಡು, ಚಪಡನನ್ನು ನೋಡಿ ಬರೋಣ. ಈ ಪತ್ರದ ಹಿಂದೆ ಬ್ರಾಹ್ಮಿಯಲ್ಲಿ ಮೂರು ಅಕ್ಷರ ಗೀಚಿದ್ದೇನೆ. ಅದೊಂದು ತಿನ್ನುವ ಪದಾರ್ಥ. ಅಶೋಕನ ಕಾಲದವರು ಕ್ಕ, ಪ್ಪ ಅಂತ ಒತ್ತು ಬರೆಯುತ್ತಿರಲಿಲ್ಲ, ಒಂದೇ ಅಕ್ಷರದಲ್ಲಿ ಮುಗಿಸುತ್ತಿದ್ದರು. ನಿನಗೆ ಅಷ್ಟೇ ಸುಳಿವು. ಏನೆಂದು ಊಹಿಸಿ, ಬರುವಾಗ ಎರಡು ಸೇರು ಕಟ್ಟಿಸಿಕೊಂಡು ಬಾ.

ಇಂತಿ,
ನಿನ್ನ ದೊಡ್ಡಪ್ಪ