ಯುಎಎಚ್ ಹಾಕಿ ಉಳಿಸಲು ಶುಕ್ರವಾರದವರೆಗೆ ಸಮಯ: ಹಂಟ್ಸ್‌ವಿಲ್‌ನಲ್ಲಿ ಓದಿದ ಕನ್ನಡದ ಗೆಳೆಯರಿಗೆ ಮನವಿ

ಗೆಳೆಯರೇ, ನಮಸ್ಕಾರ.

ಇವತ್ತು ಬುಧವಾರ, ಮೇ 27, 2020. ನಮ್ಮ ಕೈಯಲ್ಲಿರುವುದು ಶುಕ್ರವಾರದವರೆಗೆ ಮಾತ್ರ. ಅವಸರದಲ್ಲಿ ಬರೆಯುತ್ತಿದ್ದೇವೆ, ಏನಾದರೂ ಹೆಚ್ಚುಕಡಿಮೆ ಆಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹೋದ ಶುಕ್ರವಾರದ ಸುದ್ದಿ ನಿಮಗೆಲ್ಲ ತಲುಪಿರಬೇಕು. ಕೊರೊನಾದಿಂದ ದುಡ್ಡಿಗೆ ಹೊಡೆತ ಬಿದ್ದಿದೆ ಅಂತ ನಮ್ಮ ಯುಎಎಚ್, ಅಂದರೆ ಹಂಟ್ಸ್‌ವಿಲ್‌ನ ಅಲಬಾಮಾ ವಿಶ್ವವಿದ್ಯಾಲಯ, ಪುರುಷರ ಐಸ್ ಹಾಕಿಯನ್ನೂ ಎರಡು ಟೆನಿಸ್ ತಂಡಗಳನ್ನೂ ನಿಲ್ಲಿಸುವುದಾಗಿ ಹೇಳಿತು. ಟೆನಿಸ್ ಮಕ್ಕಳ ಬಗ್ಗೆಯೂ ಬೇಸರವಿದೆ, ಆ ಮಾತು ಬೇರೆ. ಹಾಕಿಗೆ ಒಂದು ಬಾಗಿಲು ಇನ್ನೂ ತೆರೆದಿದೆ. 7,50,000 ಡಾಲರ್ ಹೊರಗಿನಿಂದ ಕೂಡಿಸಿದರೆ ಬರುವ ಸೀಸನ್ ಆಡಬಹುದು. ರೂಪಾಯಿ ಲೆಕ್ಕದಲ್ಲಿ ಐದೂವರೆ ಕೋಟಿಗೂ ಜಾಸ್ತಿ. ಇಬ್ಬರು ಹಳೆಯ ಆಟಗಾರರು ಸೇರಿ ಅದರಲ್ಲಿ ಮೂರನೇ ಒಂದು ಪಾಲು ಕೊಡುತ್ತೇವೆ ಅಂದಿದ್ದಾರೆ. ಉಳಿದ ಐದು ಲಕ್ಷ ಡಾಲರ್ ನಮ್ಮ ನಿಮ್ಮಂಥವರ ಜೇಬಿನಿಂದಲೇ ಬರಬೇಕು.

ನೀವು ಕೇಳಬಹುದು, ಎಲ್ಲರೂ ಕೆಲಸ ಉಳಿದರೆ ಸಾಕು ಅಂತ ಕೂತಿರುವಾಗ ಹಾಕಿಗೆ ಚಂದಾ ಎತ್ತುತ್ತೀರಾ? ಅದೂ ಹೋದ ಸೀಸನ್ ಪೂರ್ತಿ ಎರಡೇ ಪಂದ್ಯ ಗೆದ್ದ ತಂಡಕ್ಕೆ? ನ್ಯಾಯವಾದ ಪ್ರಶ್ನೆಯೇ. ಆದರೆ ಈ ತಂಡವನ್ನು ಒಂದು ಸೀಸನ್ನಿನ ಅಂಕಪಟ್ಟಿ ನೋಡಿ ಅಳೆಯಬೇಡಿ. ನಮ್ಮ ಊರಿನವರು ಏನು ಕಟ್ಟಿದ್ದಾರೆ ಅಂತ ನಿಮಗೇ ಗೊತ್ತಲ್ವಾ.

1979ರಲ್ಲಿ ಇದು ಸುಮ್ನೆ ಒಂದು ಕ್ಲಬ್. ಜೋ ರಿಚ್ ಅನ್ನುವ ಊರಿನ ವಕೀಲರು ಹುಡುಗರನ್ನು ಕೂಡಿಸಿ ಶುರು ಮಾಡಿದರು. ಹತ್ತಿ ಬೆಳೆಯುವ ಸೀಮೆ, ಅದರ ನಡುವೆ ರಾಕೆಟ್ ಮಾಡುವ ಊರು, ಹಿಮ ಬೀಳುವುದೇ ಅಪರೂಪ. ಅಲ್ಲಿ ಐಸ್ ಹಾಕಿ ಅಂದರೆ ನಕ್ಕವರೇ ಹೆಚ್ಚಿರಬೇಕು. 1982ರಲ್ಲಿ ಡಗ್ ರಾಸ್ ಕೋಚ್ ಆಗಿ ಬಂದರು. 1976ರ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ತಂಡಕ್ಕೆ ಆಡಿದವರು. ಬಂದವರು 2007ರವರೆಗೆ, ಇಪ್ಪತ್ತೈದು ವರ್ಷ, ಇಲ್ಲೇ ಉಳಿದರು! ಕ್ಲಬ್ ಮಟ್ಟದ ರಾಷ್ಟ್ರೀಯ ಪ್ರಶಸ್ತಿಗಳು ಆಗಲೇ ಬಂದವು. 1985ರಲ್ಲಿ ತಂಡ ವಿಶ್ವವಿದ್ಯಾಲಯದ ಅಧಿಕೃತ ತಂಡವಾಯಿತು.

ಆಮೇಲೆ ಡಿವಿಷನ್ ಎರಡರ, ಅಂದರೆ ಕಾಲೇಜು ಆಟಗಳ ಎರಡನೇ ದರ್ಜೆಯ, ದಿನಗಳು. ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ, ಸ್ವಲ್ಪ ಸಹಿಸಿಕೊಳ್ಳಿ. ಮಿನೆಸೋಟಾದ ಬೆಮಿಡ್ಜಿ ಅಂತ ಒಂದು ಊರಿದೆ. ಚಳಿಗಾಲ ಬಂದರೆ ಅಲ್ಲಿ ಕೆರೆಗೆ ಕೆರೆಯೇ ಹೆಪ್ಪುಗಟ್ಟುತ್ತದೆ, ಮಕ್ಕಳು ಅದರ ಮೇಲೇ ಸ್ಕೇಟಿಂಗ್ ಕಲಿಯುತ್ತವೆ. 1994ರ ಫೈನಲ್‌ನಲ್ಲಿ ಆ ಬೆಮಿಡ್ಜಿ ಸ್ಟೇಟ್ ನಮ್ಮನ್ನು ಸೋಲಿಸಿತು. 1996ರಲ್ಲಿ ನಮ್ಮವರು ಅದೇ ತಂಡವನ್ನು ಬಡಿದು ರಾಷ್ಟ್ರೀಯ ಚಾಂಪಿಯನ್ ಆದರು, ಆ ಸೀಸನ್ ಇಡೀ ಒಂದೇ ಒಂದು ಪಂದ್ಯ ಸೋಲದೆ. 1997ರಲ್ಲಿ ಮತ್ತೆ ಅವರು. 1998ರಲ್ಲಿ ಮತ್ತೆ ನಾವು. ಅಲಬಾಮಾದ ಒಂದು ಊರು ಮಿನೆಸೋಟಾದವರನ್ನು ಅವರ ಆಟದಲ್ಲೇ ಎರಡು ಸಲ ಮಣಿಸಿದೆ. ಕೊಡಗಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ಹಾಕಿ ಅಂದರೆ ಊರಿಗೆ ಊರೇ ಯಾಕೆ ಎದ್ದು ನಿಲ್ಲುತ್ತದೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ತಂಡ ಆಡುವ ವಾನ್ ಬ್ರೌನ್ ಸೆಂಟರ್ ನೆನಪಿದೆ ತಾನೇ? ಹೊರಗೆ ಅಕ್ಟೋಬರ್‌ನಲ್ಲೂ ಅರ್ಧ ತೋಳಿನ ಅಂಗಿ ಸಾಕು, ಒಳಗೆ ಕಾಲಿಟ್ಟರೆ ಸ್ವೆಟರ್ ಬೇಕು. ಎರಡು ಪೀರಿಯಡ್‌ಗಳ ನಡುವೆ ಜಾಂಬೋನಿ ಗಾಡಿ ಬರುತ್ತದೆ. ಸ್ಕೇಟ್ ಕೊರೆದು ಬಿಳಿ ಪುಡಿಯೆದ್ದ ಜಾಗವನ್ನು ಕೆರೆದು, ಹಿಂದಿನಿಂದ ಬಿಸಿನೀರು ಬಿಡುತ್ತಾ ನಿಧಾನಕ್ಕೆ ಸುತ್ತು ಹಾಕುತ್ತದೆ. ಅದು ಹೋದ ದಾರಿ ಕಪ್ಪಗೆ ಒದ್ದೆಯಾಗಿ ಹೊಳೆದು, ನೋಡುತ್ತಿದ್ದ ಹಾಗೇ ಹೆಪ್ಪುಗಟ್ಟುತ್ತದೆ. ನಮ್ಮ ಮಕ್ಕಳು ಆಟಕ್ಕಿಂತ ಆ ಗಾಡಿಯನ್ನೇ ಜಾಸ್ತಿ ನೋಡುತ್ತಿದ್ದವು. ಮೊದಲ ಸಲ ಹೋದಾಗ ನಮ್ಮಲ್ಲಿ ಅರ್ಧ ಜನಕ್ಕೆ ಪಕ್ (ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ) ಎಲ್ಲಿದೆ ಅಂತಲೇ ಕಾಣುತ್ತಿರಲಿಲ್ಲ, ಪಕ್ಕದವರು ಎದ್ದು ಕೂಗಿದಾಗ ನಾವೂ ಕೂಗುತ್ತಿದ್ದೆವು. ಆಮೇಲೆ ಆಮೇಲೆ ಆಫ್‌ಸೈಡ್ ತಪ್ಪು ಕೊಟ್ಟ ರೆಫರಿಗೆ ಕನ್ನಡದಲ್ಲೇ ಬೈಯುವಷ್ಟು ಪಳಗಿದೆವು. ಅದೇನು ಪುಣ್ಯವೋ, ಅವರಿಗೆ ಅರ್ಥವಾಗಲಿಲ್ಲ.

ಎಲ್ಲಕ್ಕಿಂತ ಮೇಲಿನ ದರ್ಜೆಯಾದ ಡಿವಿಷನ್ ಒಂದಕ್ಕೆ ಹೋದ ಮೇಲೆ ಗೆಲುವು ಕಡಿಮೆಯಾಯಿತು, ನಿಜ. ಆದರೆ 2007ರಲ್ಲಿ ತಮ್ಮ ಲೀಗಿನಲ್ಲಿ ಕೊನೆಯ ಸ್ಥಾನದಲ್ಲಿದ್ದ ಈ ಹುಡುಗರು ಲೀಗ್ ಟೂರ್ನಿ ಗೆದ್ದು ರಾಷ್ಟ್ರೀಯ ಟೂರ್ನಿಗೆ ಹೋದರು. ಅಲ್ಲಿ ನೋಟ್ರ ಡೇಮ್‌ನಂಥ ತಂಡವನ್ನು ಎರಡನೇ ಓವರ್‌ಟೈಮ್‌ವರೆಗೆ ಎಳೆದು 3–2ರಲ್ಲಿ ಸೋತರು. 2010ರಲ್ಲಿ ಮತ್ತೆ ಹೋದರು, ದೇಶದ ಮೊದಲ ಶ್ರೇಯಾಂಕದ, ಒಹಾಯೋದ ಮಯಾಮಿ ವಿಶ್ವವಿದ್ಯಾಲಯದ ತಂಡದ ಎದುರು 2–1ರಲ್ಲಿ ಸೋತರು. ಆಗ ಗೋಲ್ ಕಾಯುತ್ತಿದ್ದ ಕ್ಯಾಮ್ ಟಾಲ್ಬಟ್ ಈಗ ಉತ್ತರ ಅಮೆರಿಕದ ದೊಡ್ಡ ವೃತ್ತಿಪರ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಕ್ಯಾಲ್ಗರಿಗೆ ಆಡುತ್ತಾರೆ. ಯಾವ ಎನ್‌ಎಚ್‌ಎಲ್ ತಂಡವೂ ಡ್ರಾಫ್ಟ್‌ನಲ್ಲಿ, ಅಂದರೆ ಹೊಸ ಆಟಗಾರರನ್ನು ಸರದಿಯಲ್ಲಿ ಹಂಚಿಕೊಳ್ಳುವಾಗ, ಆರಿಸದ ಹುಡುಗ. ಅವರಿಗಿಂತ ಮೊದಲು ಡಗ್ ರಾಸ್ ಅವರ ಮಗ ಜೇರೆಡ್, ಹಂಟ್ಸ್‌ವಿಲ್‌ನಲ್ಲೇ ಹುಟ್ಟಿ, ಇದೇ ತಂಡಕ್ಕೆ ಆಡಿ, ಫಿಲಡೆಲ್ಫಿಯಾ ಫ್ಲೈಯರ್ಸ್‌ಗೆ ಹೋದರು. ನಿಕ್ ಡೌಡ್ ಕೂಡ ಈ ಊರಿನ ಹುಡುಗ, ಈಗ ವಾಷಿಂಗ್ಟನ್ ಕ್ಯಾಪಿಟಲ್ಸ್‌ನಲ್ಲಿದ್ದಾರೆ. ಕಾಲೇಜಿಗೆ ಅವರು ಬೇರೆ ಕಡೆ ಹೋದರು, ಇರಲಿ, ಆದರೂ ನಮ್ಮವರೇ ಅಂತ ಲೆಕ್ಕಕ್ಕೆ ಹಿಡಿಯುತ್ತೇವೆ.

ಈ ತಂಡದ ಕತ್ತಿನ ಮೇಲೆ ಕತ್ತಿ ಬಂದಿದ್ದು ಇದೇ ಮೊದಲಲ್ಲ. 2010ರಲ್ಲಿ ಲೀಗೇ ಮುಚ್ಚಿಹೋಯಿತು. ಮೂರು ಸೀಸನ್ ಯಾವ ಲೀಗೂ ಇಲ್ಲದೆ, ಯಾರು ಕರೆದರೆ ಅವರ ಊರಿಗೆ ಹೋಗಿ ಆಡಿದರು. 2011ರಲ್ಲಿ ತಂಡವನ್ನು ಮತ್ತೆ ಕ್ಲಬ್ ಮಟ್ಟಕ್ಕೆ ಇಳಿಸುವ ತೀರ್ಮಾನವೂ ಆಗಿತ್ತು. ಊರಿನವರು, ಹಳೆಯ ಆಟಗಾರರು ಹಿಡಿದ ಪಟ್ಟು ಬಿಡಲಿಲ್ಲ. ಹೊಸದಾಗಿ ಬಂದ ಅಧ್ಯಕ್ಷ ರಾಬರ್ಟ್ ಆಲ್ಟೆನ್‌ಕಿರ್ಕ್ ಅದೇ ಡಿಸೆಂಬರ್‌ನಲ್ಲಿ ತೀರ್ಮಾನವನ್ನು ಬದಲಿಸಿದರು. 2013ರಿಂದ ಡಬ್ಲ್ಯೂಸಿಎಚ್‌ಎ ಅನ್ನುವ ಕಾಲೇಜು ಹಾಕಿ ಲೀಗ್ ಸಿಕ್ಕಿತು.

ಆ ಲೀಗಿನಲ್ಲಿ ಪಕ್ಕದ ಊರು ಅಂತ ಒಂದೂ ಇಲ್ಲ. ಮಿಷಿಗನ್ ಟೆಕ್‌ಗೆ ಹೋಗಬೇಕೆಂದರೆ ಸುಮಾರು ಸಾವಿರ ಮೈಲಿ. ಇನ್ನು ಅಲಾಸ್ಕಾದ ಎರಡು ಊರುಗಳ ಮಾತು ಬೇಡವೇ ಬೇಡ. ಪ್ರಯಾಣ, ಹೋಟೆಲ್, ಊಟ, ಸ್ಕೇಟು, ಸ್ಟಿಕ್ಕು, ಸ್ಕಾಲರ್‌ಶಿಪ್ಪು, ಹಣ ಹೋಗುವುದು ಇಲ್ಲೇ. ಡಿವಿಷನ್ ಒಂದರ ತಂಡ 18 ಸ್ಕಾಲರ್‌ಶಿಪ್‌ವರೆಗೆ ಕೊಡಬಹುದು, ದೊಡ್ಡ ವಿಶ್ವವಿದ್ಯಾಲಯಗಳ ಜೊತೆ ಅದರಲ್ಲಿ ಪೈಪೋಟಿ ಮಾಡುವುದು ಅಂದರೆ ತಮಾಷೆಯಲ್ಲ. ಈಗ ಈ ಲೀಗಿನ ಏಳು ತಂಡಗಳು 2021ರಲ್ಲಿ ಬೇರೆಯಾಗುತ್ತೇವೆ ಅಂದಿವೆ. ಹಿಂದೆ ಉಳಿಯುವುದು ನಾವು ಮತ್ತು ಅಲಾಸ್ಕಾದ ಇಬ್ಬರು. ಹಾಗಾಗಿ ಈ ಶುಕ್ರವಾರ ಗೆದ್ದರೂ ಹೊಸ ಲೀಗ್ ಹುಡುಕುವ ತಲೆನೋವು ಹಾಗೇ ಇರುತ್ತದೆ. ಇದನ್ನು ಮುಚ್ಚಿಟ್ಟು ನಿಮ್ಮಿಂದ ದುಡ್ಡು ಕೇಳುವುದು ನಮಗೆ ಸರಿ ಕಾಣಲಿಲ್ಲ. ಆದರೆ ಲೀಗ್ ಹುಡುಕಬೇಕಾದರೂ ಮೊದಲು ತಂಡ ಅಂತ ಒಂದು ಇರಬೇಕಲ್ಲ.

ಆ ಹುಡುಗರ ಸ್ಥಿತಿ ಯೋಚಿಸಿ. ಬಹಳ ಜನ ಕೆನಡಾದವರು, ಉತ್ತರದ ರಾಜ್ಯಗಳವರು. ಹೈಸ್ಕೂಲ್ ಮುಗಿಸಿ ಎರಡು ಮೂರು ವರ್ಷ ಜೂನಿಯರ್ ಹಾಕಿ ಆಡಿ, ಮನೆ ಬಿಟ್ಟು ಯಾರದೋ ಮನೆಯಲ್ಲಿದ್ದು, ಆಮೇಲೆ ಕಾಲೇಜು ಸೇರಿದವರು. ಮೇ ಕೊನೆಯ ಹೊತ್ತಿಗೆ ಬೇರೆ ತಂಡಗಳ ಪಟ್ಟಿ ಬಹುತೇಕ ಭರ್ತಿಯಾಗಿರುತ್ತದೆ. ಗಡಿ ಬೇರೆ ಮುಚ್ಚಿದೆ. ಇಂಜಿನಿಯರಿಂಗ್ ಅರ್ಧ ಓದಿದವನು ಆಟ ಬಿಟ್ಟು ಇಲ್ಲೇ ಇರಬೇಕೋ, ಓದು ಬಿಟ್ಟು ಆಟದ ಹಿಂದೆ ಹೋಗಬೇಕೋ? ವೀಸಾ, ಕ್ರೆಡಿಟ್ ವರ್ಗಾವಣೆ, ಸ್ಕಾಲರ್‌ಶಿಪ್ ಕೈತಪ್ಪುವ ಭಯ, ಇದೆಲ್ಲ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಹೇಳಿ. ಇಲ್ಲಿಗೆ ಎರಡು ಸೂಟ್‌ಕೇಸ್ ಹಿಡಿದು ಬಂದವರೇ ನಾವೆಲ್ಲ.

ಇದು ಯಾವ ಸಂಘದ ಹೆಸರಿನಲ್ಲೂ ಅಲ್ಲ. ಯುಎಎಚ್‌ನಲ್ಲಿ ಓದಿ ಇಲ್ಲೇ ಕೆಲಸ ಹಿಡಿದ ನಾಲ್ಕೈದು ಕನ್ನಡದ ಮನೆಯವರು ಸೇರಿ ಬರೆಯುತ್ತಿದ್ದೇವೆ. ನಮ್ಮ ಕೈಗೆ ಹಣ ಕಳಿಸಬೇಡಿ. ನೇರವಾಗಿ ಆನ್‌ಲೈನ್‌ನಲ್ಲಿ ಚಂದಾ ಎತ್ತುವ ಗೋಫಂಡ್‌ಮಿ ತಾಣದ ಅಭಿಮಾನಿಗಳ ಪುಟಕ್ಕೇ ಹಾಕಿ. 25 ಡಾಲರ್ ಆದರೂ ಸರಿ, 10 ಆದರೂ ಸರಿ. ಕೆಲಸ ಹೋಗಿರುವವರು, ಊರಿಗೆ ಹೋಗಲಾಗದೆ ಸಿಕ್ಕಿಹಾಕಿಕೊಂಡವರು ದಯವಿಟ್ಟು ಏನೂ ಕೊಡಬೇಡಿ, ಇದನ್ನು ಇನ್ನೊಬ್ಬರಿಗೆ ಕಳಿಸಿದರೆ ಸಾಕು. ಭಾರತಕ್ಕೆ ವಾಪಸ್ ಹೋಗಿ ನೆಲೆಸಿದವರು ಕಾರ್ಡಿನ ತಾಪತ್ರಯ ಇದ್ದರೆ ಇಲ್ಲಿರುವ ಸ್ನೇಹಿತರ ಹತ್ತಿರ ಹಾಕಿಸಿ, ಆಮೇಲೆ ಲೆಕ್ಕ ಮಾಡಿಕೊಳ್ಳಿ. ಕೊಡುವಾಗ ಸಂದೇಶದ ಜಾಗದಲ್ಲಿ ನೀವು ಓದಿ ಮುಗಿಸಿದ ವರ್ಷ ಬರೆಯಿರಿ. ಹಳೆಯ ವಿದ್ಯಾರ್ಥಿಗಳು ಎಷ್ಟು ಕಡೆಯಿಂದ ಕೊಟ್ಟಿದ್ದಾರೆ ಅಂತ ವಿಶ್ವವಿದ್ಯಾಲಯದವರಿಗೂ ಕಾಣಲಿ.

ಸಂಬಳ ಬಂದ ಮೇಲೆ ಕೊಡೋಣ ಅಂತ ಇಟ್ಟುಕೊಳ್ಳಬೇಡಿ. ಅದು ಬರುವುದು ಭಾನುವಾರ, ಗಡುವು ಶುಕ್ರವಾರ.

— ಹಂಟ್ಸ್‌ವಿಲ್‌ನ ಕೆಲವು ಕನ್ನಡದ ಹಳೆಯ ವಿದ್ಯಾರ್ಥಿಗಳು