ಒಡ್ಡು ಎತ್ತರಿಸುವ ಮೊದಲು ಹೂಳಿಗೆ ದಾರಿ ಬಿಡಿ: ಡೆಲ್ಟಾ ಸೀಮೆಯ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ನದಿ ಕಡಲು ಸೇರುವ ತಗ್ಗು ಸೀಮೆಯಲ್ಲಿ ಪ್ರತಿ ಸಲ ನೆರೆ ಇಳಿದ ಮೇಲೂ ಒಂದೇ ಬೇಡಿಕೆ ಬರುತ್ತದೆ: ಒಡ್ಡು ಇನ್ನಷ್ಟು ಎತ್ತರಿಸಿ. ಆ ಕಡತಕ್ಕೆ ಸಹಿ ಹಾಕುವ ಮೊದಲು ಒಡ್ಡಿನೊಳಗಿನ ನೆಲವನ್ನು ದಯವಿಟ್ಟು ಒಮ್ಮೆ ನೋಡಿ.

ಡೆಲ್ಟಾದ ಮಣ್ಣು ತನ್ನ ಭಾರಕ್ಕೇ ಕುಸಿಯುತ್ತಿರುತ್ತದೆ. ನೀರು ತರುವ ಹೂಳೇ ಅದನ್ನು ಮತ್ತೆ ಏರಿಸಬೇಕು. ಒಡ್ಡು ನೀರನ್ನಷ್ಟೇ ಅಲ್ಲ, ಹೂಳನ್ನೂ ತಡೆಯುತ್ತದೆ ಅಲ್ವಾ? ಬಾಂಗ್ಲಾದೇಶದ ನೈರುತ್ಯ ಭಾಗದಲ್ಲಿ 1960ರ ದಶಕದಿಂದ ಒಡ್ಡು ಕಟ್ಟಿದರು. ಈಗ ಕೆಲವು ಕಡೆ ಒಳಗಿನ ಹೊಲಗಳು ಪಕ್ಕದ, ಒಡ್ಡಿಲ್ಲದ ಸುಂದರಬನದ ನೆಲಕ್ಕಿಂತ ಒಂದು ಮೀಟರಿಗೂ ಜಾಸ್ತಿ ತಗ್ಗಿನಲ್ಲಿವೆ. ಮಳೆನೀರು ಹೊರಗೆ ಹೋಗಲಾರದೆ ಅಲ್ಲೇ ನಿಲ್ಲುತ್ತದೆ.

1997ರಲ್ಲಿ ಅಲ್ಲಿನ ಬೀಲ್ ಭೈನಾ ಎಂಬ ತಗ್ಗಿನಲ್ಲಿ ಜನರೇ ಒಡ್ಡು ಕಡಿದರು. ಉಬ್ಬರದಲ್ಲಿ ಕೆಸರುನೀರು ಒಳಬಂತು, ನಿಂತಲ್ಲಿ ಹೂಳು ಕೂತಿತು. ಇಳಿತದಲ್ಲಿ ತಿಳಿಯಾದ ನೀರು ಹೊರಗೆ ಓಡುತ್ತಾ ನದಿಯ ತಳವನ್ನೂ ಕೊರೆದು ಆಳ ಮಾಡಿತು. ದಿನಕ್ಕೆರಡು ಸಲ ಇದೇ ಕೆಲಸ. ಕೆಲವೇ ವರ್ಷಗಳಲ್ಲಿ ನೆಲ ಮೇಲೆದ್ದಿತು. ಆದರೆ ಕಡಿದ ಬಾಯಿಯ ಹತ್ತಿರ ಹೂಳು ಜಾಸ್ತಿ, ದೂರದ ಮೂಲೆಯಲ್ಲಿ ಕಡಿಮೆ. ಬಾಯಿ ಎಲ್ಲಿರಬೇಕು, ಕಾಲುವೆ ಎತ್ತ ತಿರುಗಬೇಕು, ಮನೆ ಯಾವ ದಿಬ್ಬದ ಮೇಲಿರಬೇಕು? ಇಲ್ಲೇ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್, ಅಂದರೆ ನೆಲ-ನೀರಿನ ವಿನ್ಯಾಸ ಮಾಡುವವರು, ಬೇಕಾಗುವುದು. ಎಲ್ಲ ಮುಗಿದ ಮೇಲೆ ಗಿಡ ನೆಡಿಸುವುದಕ್ಕಲ್ಲ, ಮೊದಲ ನಕ್ಷೆ ಬರೆಯುವಾಗಲೇ.

ನೆದರ್ಲೆಂಡ್ಸ್‌ನ ಓವರ್‌ಡೀಪ್ ಪೋಲ್ಡರಿನಲ್ಲಿ (ಪೋಲ್ಡರ್ ಅಂದರೆ ಒಡ್ಡು ಸುತ್ತುವರಿದ ತಗ್ಗು ನೆಲ) ಇಂಥ ನಕ್ಷೆಯ ಮೂಲ ಯೋಚನೆ ರೈತರದೇ. ನದಿ ಕಡೆಯ ಒಡ್ಡನ್ನು ತಗ್ಗಿಸಿ, ಮನೆ-ಕೊಟ್ಟಿಗೆಗಳನ್ನು ಸುಮಾರು ಆರು ಮೀಟರ್ ಎತ್ತರದ ದಿಬ್ಬಗಳಿಗೆ ಸಾಗಿಸಿದರು. ದೊಡ್ಡ ನೆರೆ ಬಂದರೆ ಹೊಲಕ್ಕೆ ನೀರು ನುಗ್ಗುತ್ತದೆ, ಮನೆಗಲ್ಲ. ಎಲ್ಲರಿಗೂ ಅಲ್ಲಿ ಜಾಗ ಸಿಗಲಿಲ್ಲ, ಕೆಲವು ಕುಟುಂಬಗಳು ಬೇರೆಡೆ ಹೋದವು. ಇದನ್ನು ಜನರಿಂದ ಮುಚ್ಚಿಡಬಾರದು.

ನನ್ನ ದೊಡ್ಡ ಆತಂಕ ಪರಿಹಾರದ್ದು. ಹೂಳು ತುಂಬುವಷ್ಟು ವರ್ಷ ಆ ಹೊಲದಲ್ಲಿ ಬೆಳೆ ಇಲ್ಲ. ಬಾಂಗ್ಲಾದೇಶದಲ್ಲಿ ಹಣ ಸರಿಯಾಗಿ ಕೈಸೇರದೆ, ಇದೇ ಕೆಲಸಕ್ಕೆ ಮುಂದೆ ಆರಿಸಿದ ತಗ್ಗುಗಳ ರೈತರು ತಿರುಗಿಬಿದ್ದರು. ಅವರ ಸಿಟ್ಟು ನ್ಯಾಯವಾದದ್ದೇ.

ಹಾಗಾಗಿ ಟೆಂಡರ್ ಕರೆಯುವ ಮೊದಲು ನೆಲದ ಏರುತಗ್ಗಿನ ನಕ್ಷೆ ಮಾಡಿಸಿ, ಊರಿನವರ ಮುಂದೆ ಬಿಚ್ಚಿಡಿ. ಯಾವ ಹೊಲಕ್ಕೆ ಯಾವಾಗ ನೀರು ಬಿಡಬೇಕೆಂದು ಅವರೊಂದಿಗೇ ತೀರ್ಮಾನಿಸಿ. ಗೇಣಿಗೆ ಉಳುವವರನ್ನೂ ಕೂಲಿಯವರನ್ನೂ ಸೇರಿಸಿ, ಒಡ್ಡು ಕಡಿಯುವ ಮುಂಚೆಯೇ ಪರಿಹಾರ ಕೊಡಿಸಿ.

ಇಂತಿ,
ತಮ್ಮ ಉತ್ತರಕ್ಕೆ ಕಾಯುತ್ತಿರುವ ಒಬ್ಬ ನಾಗರಿಕ